ಶಾಲಾ ಇನ್ಸ್‌ಪೆಕ್ಟರ್ ರೈಸ್ ಮತ್ತು ನನ್ನ ಹಳಗನ್ನಡ ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹರಿಹರದ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಗೆ ಹಳಗನ್ನಡ ಪದ್ಯ ತೆಗೆದುಕೊಂಡ ಮೊದಲ ದಿನವೇ ಪಾಠ ಕೆಟ್ಟಿತು. ಪಾಠಯೋಜನೆಯಲ್ಲಿ ಏನೂ ಕೊರತೆ ಇರಲಿಲ್ಲ; ಪೀಠಿಕೆ, ಕವಿಪರಿಚಯದ ಚಾರ್ಟು, ಪದಗಳ ಅರ್ಥ, ಸಾರಾಂಶ ಎಲ್ಲವೂ ಇದ್ದವು. ಸಾರಾಂಶ ಬೋರ್ಡಿಗೆ ಬಂದೊಡನೆ ಮಕ್ಕಳು ಬರೆದುಕೊಂಡು ಪುಸ್ತಕ ಮುಚ್ಚಿದರು. ಪದ್ಯವನ್ನು ಒಬ್ಬರೂ ಬಾಯಿಬಿಟ್ಟು ಓದಲಿಲ್ಲ. ನಾನೂ ಓದಿಸಲಿಲ್ಲ. ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ನನ್ನ ಪುಸ್ತಕದಲ್ಲಿ ಅದೊಂದನ್ನೇ ಬರೆದು ಹೋದರು.

ಆ ವಾರ ದಾವಣಗೆರೆಗೆ ಮರಳಿ, ಗ್ರಂಥಾಲಯದಲ್ಲಿ ಬಿ. ಎಲ್. ರೈಸ್ ಅವರ ಬದುಕನ್ನು ಓದಿದೆ. ಶಾಸನಗಳ ಪಂಡಿತರೆಂದು ಕೇಳಿದ್ದೆ. ನಮ್ಮ ಶಿಕ್ಷಣ ಇಲಾಖೆಯವರೇ ಎಂಬುದು ಗೊತ್ತಿರಲಿಲ್ಲ.

ಬೆಂಜಮಿನ್ ಲೂಯಿ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಮರಳಿದ ಮಗ ಬೆಂಗಳೂರಿನ ಹೈಸ್ಕೂಲಿನ ಮುಖ್ಯಸ್ಥರಾದರು, ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರ್, ಮುಂದೆ ವಿದ್ಯಾ ಇಲಾಖೆಯ ನಿರ್ದೇಶಕರು. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಗುಡಿಯ ಮುಂದೆ, ಕೆರೆ ಏರಿಯ ಮೇಲೆ ನಿಂತ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಮೇಜರ್ ಡಿಕ್ಸನ್ ತೆಗೆಸಿದ್ದ ಶಾಸನಗಳ ಫೋಟೋಗಳನ್ನು ಓದುವ ಕೆಲಸವೂ ಕೈಗೆ ಬಂತು. ಅದರಿಂದ 1879ರಲ್ಲಿ ಒಂದು ಪುಸ್ತಕವಾಯಿತು. ಮುಂದೆ ಪುರಾತತ್ವ ಇಲಾಖೆ ಅವರ ಕೈಗೆ ಬಂದಾಗ 12 ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ ಬಂತು. ಶಾಸನಗಳ ಸಂಖ್ಯೆ ಒಂಬತ್ತು ಸಾವಿರದ ಹತ್ತಿರ. ನಮ್ಮ ದಾವಣಗೆರೆ, ಹರಿಹರದ ಶಾಸನಗಳು ಚಿತ್ರದುರ್ಗ ಜಿಲ್ಲೆಯ 11ನೇ ಸಂಪುಟದಲ್ಲಿವೆ.

ರೈಸ್ ಹುಡುಕಿದ್ದು ಮುಖ್ಯವಾಗಿ ರಾಜರ ಕಾಲವನ್ನು, ಕಾವ್ಯವನ್ನಲ್ಲ ಎಂದೇ ನನಗನ್ನಿಸುತ್ತದೆ. ಆದರೆ ಕಲ್ಲನ್ನು ಓದಹೊರಟವರಿಗೆ ಪದ್ಯ ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಪದ್ಯ ಅರ್ಥವಾಗಬೇಕಾದರೆ ಹಳೆಯ ಕಾವ್ಯ ಬೇಕು, ಅವು ಇದ್ದದ್ದು ಓಲೆಗರಿಯಲ್ಲಿ. ಹಾಗಾಗಿ ಅವರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ ತೆಗೆದರು. ಹತ್ತನೇ ಶತಮಾನದ ಪಂಪಭಾರತ ಅಚ್ಚಾದದ್ದು 1898ರಲ್ಲಿ, ಆ ಮಾಲೆಯಲ್ಲೇ. ಪಕ್ಕದಲ್ಲಿ ಕೂತು ಅಕ್ಷರ ಬಿಡಿಸಿದ ಕನ್ನಡ ಪಂಡಿತರಿಲ್ಲದೆ ಇದಾವುದೂ ಆಗುತ್ತಿರಲಿಲ್ಲ. ಅವರ ಹೆಸರು ನಮ್ಮ ಚಾರ್ಟುಗಳಲ್ಲಿ ಬರುವುದೇ ಇಲ್ಲ. 1906ರಲ್ಲಿ ನಿವೃತ್ತರಾಗಿ ರೈಸ್ ಇಂಗ್ಲೆಂಡಿಗೆ ಹೋದರು, 1927ರಲ್ಲಿ ಅಲ್ಲೇ ತೀರಿಕೊಂಡರು.

ನಾನು ದಿನವೂ ಇಳಿಯುತ್ತಿದ್ದ ಹರಿಹರದಲ್ಲೇ ಹರಿಹರೇಶ್ವರ ಗುಡಿಯಿದೆ. ಹೊಯ್ಸಳ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಆವರಣದಲ್ಲಿ ಶಾಸನಗಳಿವೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ಮೊದಲು ರೈಸ್ ಕಥೆ ಹೇಳಿದೆ. ಆಮೇಲೆ ಗೊತ್ತಿರುವ ಅಕ್ಷರ ಹುಡುಕಿ ಎಂದೆ. ರ, ಗ, ಮ ಸಿಕ್ಕವು; ಉಳಿದವಕ್ಕೆ ಜಗಳವಾಯಿತು.

ಕಲ್ಲಿನ ಮೇಲೆ ಪದ್ಯ ಪಠ್ಯಪುಸ್ತಕದಂತೆ ಪಾದಪಾದವಾಗಿ ಒಡೆದಿರುವುದಿಲ್ಲ. ಗದ್ಯದ ಹಾಗೆ ಒಂದೇ ಸಮನೆ ಸಾಗುತ್ತದೆ. ಎಲ್ಲಿ ಪಾದ ಮುಗಿಯಿತು ಎಂಬುದನ್ನು ಕಿವಿಯೇ ಹೇಳಬೇಕು. ಅದನ್ನು ತೋರಿಸಲು ನಮ್ಮ ಪಾಠದ ಕಂದಪದ್ಯವನ್ನೇ ಒಂದು ಹಾಳೆಯಲ್ಲಿ ಸಾಲು ಒಡೆಯದೆ ಬರೆದು ತಂದಿದ್ದೆ. ನಾಲ್ಕು ಮಾತ್ರೆಗೊಂದು ಚಪ್ಪಾಳೆ. ಮೂರು ಚಪ್ಪಾಳೆಗೆ ಮೊದಲ ಪಾದ, ಮತ್ತೆ ಐದಕ್ಕೆ ಎರಡನೆಯದು. ನಾಲ್ಕೈದು ಸಲ ತಪ್ಪಿತು. ಎರಡನೇ ಅಕ್ಷರದ ಪ್ರಾಸ ನೋಡಿದರೆ ಪಾದ ಸಿಗುತ್ತದೆ ಎಂದು ಕಂಡುಹಿಡಿದದ್ದು ಹಿಂದಿನ ಬೆಂಚಿನ ಹುಡುಗಿ, ನಾನಲ್ಲ.

ಈಗ ಮೊಬೈಲಿನಲ್ಲಿ ಯಾವ ಪದ್ಯ ಬೇಕಾದರೂ ಗಮಕದೊಂದಿಗೆ ಕೇಳಬಹುದು. ನಾನೂ ಮರುದಿನ ಕೇಳಿಸಿದೆ. ಮಕ್ಕಳು ಕೇಳುತ್ತಲೇ ಬೆರಳು ಮಡಚಿ ಮಾತ್ರೆ ಎಣಿಸುತ್ತಿದ್ದರು. ಅವಧಿ ಮುಗಿದು ಗಂಟೆ ಹೊಡೆಯಿತು. ಪಾಠಯೋಜನೆಯಲ್ಲಿ ಸಾರಾಂಶದ ಕಾಲಂ ಖಾಲಿಯೇ ಉಳಿದಿತ್ತು; ಮಾರ್ಗದರ್ಶಕರು ಅದರ ಪಕ್ಕ ಸಹಿ ಹಾಕಿದರು.