ಶಿಡ್ಲಘಟ್ಟದ ಪ್ರೇಮಾ, ‘ಫಣಿಯಮ್ಮ’ನ ಪ್ರೇಮಾ ಕಾರಂತ

ಬಂಟ್ವಾಳ ಮಂಚಿಯ ಬಿ.ವಿ. ಕಾರಂತರನ್ನು ನಮ್ಮ ಜಿಲ್ಲೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ನಾಟಕ ಅಂದರೆ ಕಾರಂತರು, ‘ಚೋಮನ ದುಡಿ’ ಅಂದರೆ ಕಾರಂತರು. ಆದರೆ ಅವರ ಮಡದಿ ಪ್ರೇಮಾ ಕಾರಂತರ ಹೆಸರು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಇವರು ಬರೀ ‘ಕಾರಂತರ ಹೆಂಡತಿ’ ಆಗಿರಲಿಲ್ಲ. ಕನ್ನಡ ಸಿನಿಮಾಕ್ಕೆ ಮರೆಯಲಾಗದ ಚಿತ್ರವೊಂದನ್ನು ಕೊಟ್ಟ ನಿರ್ದೇಶಕಿ.

ಪ್ರೇಮಾ ಅವರ ಬಾಲ್ಯ ಕಳೆದದ್ದು ಶಿಡ್ಲಘಟ್ಟದಲ್ಲಿ. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ, ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಈ ಊರು ಆಗ ಕೋಲಾರ ಜಿಲ್ಲೆಯಲ್ಲಿತ್ತು. ದುಡಿಮೆ ಶುರುವಾದದ್ದು ಟೀಚರ್ ಆಗಿ. ಬೆಂಗಳೂರಿನಲ್ಲಿ ಕಾರಂತರ ಪರಿಚಯವಾಯಿತು, 1958ರಲ್ಲಿ ಆರ್ಯ ಸಮಾಜದ ಕ್ರಮದಲ್ಲಿ ಸರಳ ಮದುವೆಯೂ ಆಯಿತು. ಕಾಶಿಗೆ ಹೋದರು, ಗಂಡನ ಜೊತೆ ತಾವೂ ಓದಿದರು. ಮುಂದೆ ದೆಹಲಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿಯುವಾಗ ಪ್ರೇಮಾ ಪಾಠ ಹೇಳಿ ಸಂಸಾರ ತೂಗಿಸಿದರು. ಗಂಡನ ಓದು ಮುಗಿದ ಮೇಲೆ ಅದೇ ಶಾಲೆಗೆ ತಾವೇ ವಿದ್ಯಾರ್ಥಿನಿಯಾಗಿ ಸೇರಿದರು. ಮದುವೆಯಾಯ್ತು, ಇನ್ನು ಓದು ಯಾಕೆ ಅಂತ ಹೇಳುವವರು ಇಂದಿಗೂ ಇದ್ದಾರೆ. ಅಂಥವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡುತ್ತಾ ಬೆಳೆದ ಪ್ರೇಮಾ ಸಿನಿಮಾಕ್ಕೂ ಅದೇ ದಾರಿಯಲ್ಲಿ ಬಂದರು. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ವಸ್ತ್ರವಿನ್ಯಾಸ, ‘ಕುದುರೆ ಮೊಟ್ಟೆ’ಗೆ ಕಲಾ ನಿರ್ದೇಶನ. ಕ್ಯಾಮೆರಾದ ಹಿಂದೆ ಹೆಂಗಸರೇ ಕಾಣದ ಆ ಕಾಲದಲ್ಲಿ ಕೊನೆಗೆ ನಿರ್ದೇಶಕರ ಕುರ್ಚಿಯಲ್ಲೂ ಕೂತರು.

ಆರಿಸಿಕೊಂಡದ್ದು ಎಂ.ಕೆ. ಇಂದಿರಾ ಅವರ ಕಾದಂಬರಿ ‘ಫಣಿಯಮ್ಮ’. ಮದುವೆ ಅಂದರೇನು ಅಂತ ತಿಳಿಯುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯ ಮೂಲೆಯಲ್ಲಿ ಬದುಕು ಸವೆಸಿದ ಮಲೆನಾಡಿನ ಹೆಣ್ಣಿನ ಕಥೆ. ಆ ಫಣಿಯಮ್ಮ ಮುಟ್ಟಬಾರದೆಂದು ಊರು ದೂರವಿಟ್ಟಿದ್ದ ಕೇರಿಯ ಹೆಂಗಸಿನ ಹೆರಿಗೆಗೆ ಕೈ ನೀಡುತ್ತಾಳೆ. ತಲೆ ಬೋಳಿಸಿಕೊಳ್ಳಲಾರೆ ಅಂತ ಹಟ ಹಿಡಿದ ಎಳೆಯ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ತನಗಾದದ್ದು ಇನ್ನೊಬ್ಬಳಿಗೆ ಆಗಬಾರದು, ಅಷ್ಟೇ ಅವಳ ಬಯಕೆ. ಎಲ್.ವಿ. ಶಾರದಾ ಅವರ ಅಭಿನಯ, ಕಾರಂತರ ಸಂಗೀತ. ಚಿತ್ರ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆಯಿತು.

ಇದು ಪ್ರೇಮಾ ಅವರ ಸ್ವಂತ ಕಥೆಯಲ್ಲ. ಆದರೂ ಒಬ್ಬ ಹೆಣ್ಣು ಬರೆದದ್ದನ್ನು ಇನ್ನೊಬ್ಬ ಹೆಣ್ಣು ತನ್ನದೇ ಮನೆಯ ಅಜ್ಜಿಯ ಕಥೆಯಂತೆ ತೋರಿಸಿದಾಗ ಬರುವ ಆಪ್ತತೆ ಅದರಲ್ಲಿದೆ. ಅಬ್ಬರವಿಲ್ಲ, ಉಪದೇಶವಿಲ್ಲ.

1979ರಲ್ಲಿ ಅವರು ಕಟ್ಟಿದ ‘ಬೆನಕ ಮಕ್ಕಳ ಕೇಂದ್ರ’ದಲ್ಲಿ ಮಕ್ಕಳು ‘ಅಳಿಲು ರಾಮಾಯಣ’ ಆಡಿದರು. 2002ರಲ್ಲಿ ಕಾರಂತರು ಹೋದರು, 2007ರ ಅಕ್ಟೋಬರ್‌ನಲ್ಲಿ ಪ್ರೇಮಾ.

ಹೆಣ್ಣಿನ ಬದುಕನ್ನು ಅವಳನ್ನು ಕೇಳದೆ ತೀರ್ಮಾನಿಸುವ ಚಾಳಿ ಒಂದು ಜಾತಿಯದ್ದೋ ಒಂದು ಧರ್ಮದ್ದೋ ಅಲ್ಲ. ಅದು ಎಲ್ಲರ ಮನೆಯಲ್ಲೂ ಇದೆ. ‘ಫಣಿಯಮ್ಮ’ ನೋಡಲು ಸಿಕ್ಕಿದರೆ ಉಮ್ಮ, ಮಗಳು ಜೊತೆಗೆ ಕೂತು ನೋಡಲಿ. ಗಂಡಸರೂ ಎದ್ದು ಹೋಗದೆ ಕೂತು ನೋಡಲಿ ಅಂತ ನಮ್ಮ ಆಸೆ.