ಸುವಾರ್ತೆ ಸಾರಲು ಬಂದು ನಿಘಂಟು ಕೊಟ್ಟು ಹೋದ ಕಿಟ್ಟೆಲ್

2021ರ ಡಿಸೆಂಬರ್ ಶ್ರೀನಿವಾಸಪುರದವರಿಗೆ ನೆನಪಿರಬಹುದು. ಮನೆಮನೆಗೆ ಹೋಗಿ ಕ್ರೈಸ್ತ ಧರ್ಮ ಪ್ರಚಾರ ಮಾಡುತ್ತಿದ್ದವರನ್ನು ತಡೆದು, ಅವರ ಕೈಲಿದ್ದ ಪುಸ್ತಕಗಳಿಗೆ ಬೀದಿಯಲ್ಲೇ ಬೆಂಕಿ ಹಚ್ಚಿದರು. ಅದೇ ತಿಂಗಳು ಬೆಳಗಾವಿ ಅಧಿವೇಶನದಲ್ಲಿ ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾಯ್ತು. ಒಬ್ಬರ ನಂಬಿಕೆಯನ್ನು ಇನ್ನೊಬ್ಬರ ಬಾಗಿಲಿಗೆ ಒಯ್ಯಬಹುದಾ, ಒಯ್ದರೆ ಹೇಗೆ ಒಯ್ಯಬೇಕು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಇದೇ ಕೆಲಸಕ್ಕೆ ಅಂತಲೇ ಹಡಗು ಹತ್ತಿ ಕನ್ನಡ ನಾಡಿಗೆ ಬಂದ ಒಬ್ಬ ಪಾದ್ರಿಯ ಬದುಕನ್ನು ಈ ಹೊತ್ತಲ್ಲಿ ಒಮ್ಮೆ ನೋಡೋಣ. ಫರ್ಡಿನಾಂಡ್ ಕಿಟ್ಟೆಲ್ ಅಂದರೆ ನಮಗೆಲ್ಲ ನಿಘಂಟು. ಆದರೆ ಅವರು ನಿಘಂಟು ಬರೆಯಲು ಬಂದವರಲ್ಲ.

ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಅನ್ನೋ ಊರಲ್ಲಿ. ತಂದೆಯೂ ಪಾದ್ರಿ. ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಮುಗಿಸಿ 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗಿನ್ನೂ ಇಪ್ಪತ್ತೊಂದು ವರ್ಷ. ಬಾಸೆಲ್‌ನವರ ಕೆಲಸ ಇದ್ದದ್ದು ಮಂಗಳೂರು, ಧಾರವಾಡ, ಕೊಡಗು ಕಡೆ. ನಮ್ಮ ಕೋಲಾರ ಸೀಮೆಗೆ ಆಮೇಲೆ ಬಂದದ್ದು ಮೆಥೋಡಿಸ್ಟ್ ಮಿಷನ್. ಇಟಿಸಿಎಂ ಆಸ್ಪತ್ರೆ ಅವರದ್ದೇ.

ಬಂದವರು ಸಂತೆ, ಜಾತ್ರೆಗಳಲ್ಲಿ ನಿಂತು ಬೋಧನೆ ಮಾಡಬೇಕು, ಕರಪತ್ರ ಹಂಚಬೇಕು. ಮಿಷನ್ನಿನ ರೂಢಿ ಅದು. ಕಿಟ್ಟೆಲ್‌ಗೆ ಅಷ್ಟು ಸಾಲದು ಅನ್ನಿಸಿತು. ಎದುರಿಗೆ ನಿಂತವನು ಏನು ನಂಬುತ್ತಾನೆ, ಅವನ ಪದ್ಯ ಯಾವುದು, ಗಾದೆ ಯಾವುದು ಅಂತ ಗೊತ್ತಿಲ್ಲದೆ ಅವನಿಗೆ ಏನು ಹೇಳೋದು? ಬಂಗಲೆಯ ಯುರೋಪಿಯನ್ ಬಾಳು ಬಿಟ್ಟು ಜನರ ನಡುವೆ ಬದುಕಬೇಕು ಅನ್ನೋ ಹಂಬಲ ಅವರಿಗಿತ್ತು. ಜೊತೆಯ ಪಾದ್ರಿಗಳಿಗೆ, ಮೇಲಿನವರಿಗೆ ಇದು ಹಿಡಿಸಲಿಲ್ಲ. ಹಳೇ ಕಾವ್ಯ, ವ್ಯಾಕರಣ ಅಂತ ಹೊತ್ತು ಕಳೆಯುವ ಈ ಹುಡುಗ ಒಂದು ಥರ ಅಂತ ಅವರ ಲೆಕ್ಕ. ಮುಂದೆ ಮಂಗಳೂರಿನ ಅಚ್ಚುಕೂಟದ ಕೆಲಸವೂ ಅವರ ಪಾಲಿಗೆ ಬಂತು.

ಆದರೂ ಪಟ್ಟು ಬಿಡಲಿಲ್ಲ. 1862ರಲ್ಲಿ 'ಕಥಾಮಾಲೆ' ಬಂತು. ಯೇಸುವಿನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ, ಹಾಡಿಕೊಂಡು ಓದುವ ಹಾಗೆ ಕಟ್ಟಿದ ಪುಸ್ತಕ. ನಮ್ಮ ಊರುಗಳಲ್ಲಿ ಭಾರತ, ರಾಮಾಯಣ ಓದಿಸುವುದು ಹೇಗೋ ಹಾಗೆ. ಹತ್ತು ವರ್ಷ ಕಳೆದು ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ'. ಎರಡನ್ನೂ ಸಂಪಾದಿಸಿ ಅಚ್ಚಿಗೆ ಕೊಟ್ಟರು.

ಮನೆಯೊಳಗೆ ಸುಖ ಇರಲಿಲ್ಲ. 1860ರಲ್ಲಿ ಮದುವೆಯಾದ ಪೌಲಿನ್ ನಾಲ್ಕೇ ವರ್ಷಕ್ಕೆ ತೀರಿಕೊಂಡರು. ಆಮೇಲೆ ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು. 1877ರಲ್ಲಿ ಜರ್ಮನಿಗೆ ವಾಪಸ್ಸು ಹೋದವರು 1883ರಲ್ಲಿ ಮತ್ತೆ ಬಂದರು. ಈ ಸಲ ಬಂದದ್ದು ನಿಘಂಟಿಗೋಸ್ಕರ, ಸಂಸಾರವನ್ನು ಅಲ್ಲೇ ಬಿಟ್ಟು. ಐವತ್ತು ದಾಟಿದ ಮನುಷ್ಯ, ಕಣ್ಣು ಬೇರೆ ಸೋಲುತ್ತಿತ್ತು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಪದಕ್ಕೆ ಅರ್ಥ ಕೊಟ್ಟು ಸುಮ್ಮನಾಗಿಲ್ಲ, ಆ ಪದ ಎಲ್ಲಿ ಬಂದಿದೆ ಅಂತಲೂ ತೋರಿಸಿದ್ದಾರೆ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದ, ಜನ ಆಡುವ ಗಾದೆ, ಎಲ್ಲ ಅದರಲ್ಲಿವೆ. ನಮ್ಮಂಥ ಗಡಿ ಜಿಲ್ಲೆಯವರಿಗೆ ಇನ್ನೊಂದು ರುಚಿ ಇದೆ: ಕನ್ನಡ ಪದದ ಪಕ್ಕದಲ್ಲೇ ತೆಲುಗು, ತಮಿಳು, ತುಳು, ಮಲಯಾಳದ ನೆಂಟ ಪದಗಳು. ಮನೇಲಿ ತೆಲುಗು, ಅಂಗಡೀಲಿ ಕನ್ನಡ, ಗಿರಾಕಿ ನೋಡಿ ತಮಿಳು ಅನ್ನೋ ಮುಳಬಾಗಿಲಿನವರು ಇದನ್ನು ತಿರುವಿದರೆ ನಗು ಬಂದೀತು, ನಾವು ದಿನಾ ಮಾಡೋದನ್ನೇ ಇವರು ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಲು ಶುರು ಮಾಡಿದ್ದೂ ಅದೇ 1880ರ ದಶಕದಲ್ಲಿ. ಆ ಗಣಿ 2001ರಲ್ಲಿ ಮುಚ್ಚಿತು. ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾಲಯ ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ನಾಲ್ಕು ಸಂಪುಟ ಮಾಡಿತು, ಈಗಲೂ ಜನ ತಿರುವುತ್ತಿದ್ದಾರೆ.

ಒಂದು ಮಾತು ಮರೆಮಾಚಬಾರದು. ಕಿಟ್ಟೆಲ್ ಕೊನೇವರೆಗೂ ಮಿಷನರಿಯೇ. ತಮ್ಮ ಧರ್ಮವೇ ಸತ್ಯ ಅನ್ನೋ ನಂಬಿಕೆ ಅವರಲ್ಲಿ ಸಡಿಲವಾಗಲಿಲ್ಲ. ಇಲ್ಲಿನ ಪೂಜೆ, ಯಜ್ಞಗಳ ಬಗ್ಗೆ ಅವರು ಬರೆದದ್ದೂ ಆ ಕಣ್ಣಿನಿಂದಲೇ. ಅವರನ್ನು ಬರೀ ಕನ್ನಡಪ್ರೇಮಿ ಅಂತ ಹಾರ ಹಾಕಿ ಕೂರಿಸುವವರು ಅರ್ಧ ಮನುಷ್ಯನನ್ನು ಬಿಟ್ಟುಬಿಡುತ್ತಾರೆ. ಇತ್ತ ಪ್ರಚಾರಕ್ಕೆ ಬಂದವರೆಲ್ಲ ಮೋಸಗಾರರು ಅನ್ನುವವರಿಗೂ ಕಿಟ್ಟೆಲ್ ತೊಡಕು. ಯಾಕೆಂದರೆ ಯಾವ ಪುರಾಣಗಳಿಗೆ ಎದುರಾಗಿ ಬೋಧಿಸಲು ಬಂದರೋ ಅವನ್ನೇ ಪಂಡಿತರ ಪಕ್ಕ ಕೂತು ಸಾಲುಸಾಲಾಗಿ ಓದಿದರು. ಇವತ್ತು ಕಾರಿನಲ್ಲಿ ಬಂದು, ಮೈಕು ಹಿಡಿದು, ಊರಿನ ಹೆಸರನ್ನೂ ಸರಿಯಾಗಿ ಕೇಳದೆ ಬೋಧಿಸಿ ಹೋಗುವವರು ಅಷ್ಟು ಕಷ್ಟ ಪಡುತ್ತಾರಾ? ಪುಸ್ತಕ ಸುಡುವವರು ಅದರ ಒಂದು ಪುಟವಾದರೂ ಓದಿರುತ್ತಾರಾ?

1892ರಲ್ಲಿ ಅವರು ಇಲ್ಲಿಂದ ಹೊರಟರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯ್ತು, ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲೇ ತೀರಿಕೊಂಡರು. ಧಾರವಾಡದ ಕಾಲೇಜೊಂದಕ್ಕೆ ಅವರ ಹೆಸರಿದೆ. ಕೋಲಾರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಬೆಂಗಳೂರಿನ ಎಂ.ಜಿ. ರಸ್ತೆಗೆ ಹೋದರೆ, ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ಸಿಗುತ್ತೆ.