ಭಾಷೆಯನ್ನು ಕಳೆದುಕೊಂಡ ವಿಮರ್ಶಕ

ನಿರಾಶ್ರಿತ ಕುಟುಂಬವೊಂದರ ಕಥೆಯಾಗಿ ಲೋಕಪ್ರಸಿದ್ಧವಾದ ಮಕ್ಕಳ ಕಾದಂಬರಿ ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್’ (1971). ಅದರಲ್ಲಿ ಅನಾ ಎಂಬ ಬಾಲಕಿಯ ತಂದೆ ಕೊಂಚ ಹಿನ್ನೆಲೆಯಲ್ಲೇ ಉಳಿಯುತ್ತಾರೆ. ನಿಜಜೀವನದಲ್ಲಿ ಅವರು ಲೇಖಕಿ ಜುಡಿತ್ ಕೆರ್ ಅವರ ತಂದೆ ಆಲ್ಫ್ರೆಡ್ ಕೆರ್. ಪುಸ್ತಕ ಓದುವಾಗಲೆಲ್ಲ ನನ್ನ ಮನಸ್ಸು ಮಗುವಿಗಿಂತ ಅವರತ್ತಲೇ ಸರಿಯುತ್ತದೆ.

1867ರಲ್ಲಿ ಬ್ರೆಸ್ಲೌ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದ ಕೆರ್, ಬರ್ಲಿನ್ನಿನ ಅತ್ಯಂತ ಪ್ರಭಾವಿ ನಾಟಕ ವಿಮರ್ಶಕರಾಗಿ ಬೆಳೆದರು. ಇಬ್ಸೆನ್, ಹಾಪ್ಟ್‌ಮನ್ನರನ್ನು ಎತ್ತಿಹಿಡಿದರು; ಬ್ರೆಕ್ಟ್‌ರನ್ನು ಒಪ್ಪಲಿಲ್ಲ. (ಆ ತೀರ್ಪನ್ನು ಕಾಲ ಮಾನ್ಯ ಮಾಡಲಿಲ್ಲವೆಂಬುದು ಬೇರೆ ಮಾತು.) ನಾಜಿಗಳನ್ನಂತೂ ನಿರ್ದಾಕ್ಷಿಣ್ಯವಾಗಿ ಟೀಕಿಸಿದರು.

1933ರ ಫೆಬ್ರವರಿಯಲ್ಲಿ ಜ್ವರದಿಂದ ಮಲಗಿದ್ದ ಅವರಿಗೆ ಪೊಲೀಸನೊಬ್ಬ ದೂರವಾಣಿಯಲ್ಲಿ ಎಚ್ಚರಿಕೆ ನೀಡಿದ: ಅವರ ಪಾಸ್‌ಪೋರ್ಟ್ ಕಸಿದುಕೊಳ್ಳುವ ಸಿದ್ಧತೆ ನಡೆದಿತ್ತು. ಕೆರ್ ಕೂಡಲೇ ಗಡಿ ದಾಟಿದರು. ದಶಕಗಳ ಕಾಲ ಕಡತಗಳ ನಡುವೆ ಬದುಕಿದ ನನಗೆ, ಕರ್ತವ್ಯವನ್ನು ಹೀಗೆ ಅರ್ಥಮಾಡಿಕೊಂಡ ಆ ಅನಾಮಿಕ ನೌಕರನ ಬಗೆಗೆ ವಿಶೇಷ ಗೌರವವಿದೆ. ಮಾರ್ಚ್ ಚುನಾವಣೆಯ ಮುನ್ನಾದಿನ ಪತ್ನಿ ಯೂಲಿಯಾ, ಮಕ್ಕಳಾದ ಮೈಕೆಲ್ ಮತ್ತು ಜುಡಿತ್ ಸ್ವಿಟ್ಜರ್ಲೆಂಡ್ ಸೇರಿಕೊಂಡರು. ಮೇ ತಿಂಗಳಲ್ಲಿ ಕೆರ್ ಅವರ ಕೃತಿಗಳು ಜರ್ಮನಿಯಲ್ಲಿ ಬೆಂಕಿಗೆ ಆಹುತಿಯಾದವು.

ಆಗ ಅವರಿಗೆ ಅರವತ್ತೈದು ವರ್ಷ. ವೈದ್ಯನ ವಿದ್ಯೆಯಾಗಲಿ ಬಡಗಿಯ ಕೈಚಳಕವಾಗಲಿ ಹೇಗೋ ಗಡಿ ದಾಟುತ್ತದೆ. ವಿಮರ್ಶಕನಿಗಿರುವ ಬಂಡವಾಳ ಭಾಷೆಯೊಂದೇ, ಅದಕ್ಕೆ ಪರದೇಶದಲ್ಲಿ ಚಲಾವಣೆಯಿಲ್ಲ. ಪ್ಯಾರಿಸ್ಸಿನಲ್ಲಿ ಮಕ್ಕಳು ಫ್ರೆಂಚ್ ಕಲಿತು ಶಾಲೆಯಲ್ಲಿ ಮುಂದೆ ಬಂದರು. ತಂದೆಯ ಸಂಪಾದನೆ ಕುಗ್ಗುತ್ತ ಹೋಯಿತು. ನೆಪೋಲಿಯನ್ನನ ತಾಯಿಯ ಕುರಿತು ಅವರು ಬರೆದ ಚಿತ್ರಕಥೆಯನ್ನು ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ 1,000 ಪೌಂಡಿಗೆ ಕೊಂಡರು. ಆ ಹಣ ಕುಟುಂಬವನ್ನು ಲಂಡನ್ನಿಗೆ ತಲುಪಿಸಿತು. ಚಿತ್ರ ಮಾತ್ರ ತಯಾರಾಗಲೇ ಇಲ್ಲ. ಅಲ್ಲಿ ಸಾಧಾರಣ ಹೋಟೆಲೊಂದರ ಕೋಣೆಯೇ ಕೆರ್ ಅವರಿಗೆ ಮನೆಯಾಯಿತು. ಸಂಗೀತ ಸಂಯೋಜಕಿಯಾಗಿದ್ದ ಯೂಲಿಯಾ ಕಾರ್ಯದರ್ಶಿಯ ಕೆಲಸಕ್ಕೆ ಸೇರಿ ಸಂಸಾರ ನಡೆಸಿದರು. ಮೈಕೆಲ್ ಮುಂದೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾದರು. ಹೊಸ ನಾಡಿನಲ್ಲಿ ಬೇರೂರಿದವರು ಮಕ್ಕಳು.

1947ರಲ್ಲಿ ಬ್ರಿಟಿಷ್ ಪೌರತ್ವ ದೊರೆಯಿತು. ಮರುವರ್ಷ ಆಹ್ವಾನದ ಮೇಲೆ ಹ್ಯಾಂಬರ್ಗಿಗೆ ತೆರಳಿದ ಕೆರ್, ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕಕ್ಕೆ ಹೋದಾಗ ಪ್ರೇಕ್ಷಕರು ಗುರುತಿಸಿ ಕರತಾಡನ ಮಾಡಿದರು. ಅದಾದ ಬಳಿಕ ಪಾರ್ಶ್ವವಾಯು ಬಡಿಯಿತು. 1948ರ ಅಕ್ಟೋಬರ್ 12ರಂದು, ಪತ್ನಿಯ ನೆರವಿನಿಂದ, ತಾವೇ ಬದುಕನ್ನು ಮುಗಿಸಿಕೊಂಡರು. ಮೊದಲ ಕಾದಂಬರಿ ಲಂಡನ್ ತಲುಪುವಲ್ಲಿಗೇ ನಿಲ್ಲುವುದರಿಂದ ಅದನ್ನು ಓದುವ ಮಕ್ಕಳಿಗೆ ಈ ಅಂತ್ಯ ತಿಳಿಯುವುದಿಲ್ಲ.

ಆ ಕೃತಿಯ ಜರ್ಮನ್ ಅನುವಾದಕ್ಕೆ 1974ರಲ್ಲಿ ಅಲ್ಲಿನ ಮಕ್ಕಳ ಸಾಹಿತ್ಯ ಪ್ರಶಸ್ತಿ ಬಂತು. ಶಾಲೆಗಳಲ್ಲೂ ಅದನ್ನು ಓದಿಸುತ್ತಾರೆ. ಮಗಳು ಮೂಲದಲ್ಲಿ ಬರೆದದ್ದು ಇಂಗ್ಲಿಷಿನಲ್ಲಿ, ತಂದೆಯ ಬರವಣಿಗೆಗೆ ಕೊನೆಯವರೆಗೂ ಒಲಿಯದ ಭಾಷೆಯಲ್ಲಿ.